ಶಾಹೂ ಮಹಾರಾಜರು ಕೊಟ್ಟ ಬಹುಮಾನ: ಊಟ, ವಸತಿ, ಉದ್ಯೋಗ

ಶೇಡಬಾಳ: ಮೀರಜ್-ಬೆಳಗಾವಿ ರೈಲು ಮಾರ್ಗದ ಪುಟ್ಟ ನಿಲ್ದಾಣ ಶೇಡಬಾಳ. ಒಂದು ಕಾಲಕ್ಕೆ ಇದು ಪಟವರ್ಧನ ಮನೆತನದ ಜಹಗೀರು. ಇಲ್ಲಿಂದ ದಕ್ಷಿಣಕ್ಕೆ ಉಗಾರ, ಕುಡಚಿ ದಾಟಿ ರಾಯಬಾಗ ತಲುಪಿದರೆ ಅದು ಸ್ವಾತಂತ್ರ್ಯಪೂರ್ವದಲ್ಲಿ ಕೊಲ್ಹಾಪುರ ಸಂಸ್ಥಾನದ ನೆಲ. ಉತ್ತರಕ್ಕೆ ಹೊರಟು ಮೀರಜ್‌ನಲ್ಲಿ ರೈಲು ಬದಲಿಸಿದರೆ ಸಾಕ್ಷಾತ್ ಕೊಲ್ಹಾಪುರವೇ. ಶಾಲೆಗೆ ಬರುವ ಮಗುವಿಗೆ ಏನು ಕೊಟ್ಟರೆ ಅದು ಓದಿನಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆಯೇ ರಾಜ್ಯಭಾರದ ಪ್ರಶ್ನೆಯನ್ನಾಗಿ ಎತ್ತಿಕೊಂಡ ಅರಸ, ಅಲ್ಲಿನ ಛತ್ರಪತಿ ಶಾಹೂ ಮಹಾರಾಜ.

ಶಾಹೂ ಕನ್ನಡ ನಾಡಿಗೆ ಹೊರಗಿನವರಲ್ಲ. 1874ರ ಜೂನ್ 26ರಂದು ನಿಪ್ಪಾಣಿಗೆ ಸಮೀಪದ ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದ ಅವರ ಮೊದಲ ಹೆಸರು ಯಶವಂತರಾವ್. ತಾಯಿ ರಾಧಾಬಾಯಿ ಮುಧೋಳದ ರಾಜಮನೆತನದವರು. ಮಗ ಎಳೆಯನಿದ್ದಾಗಲೇ ತೀರಿಕೊಂಡರು. 1884ರಲ್ಲಿ ಯಶವಂತರಾವ್ ಕೊಲ್ಹಾಪುರದ ಗಾದಿಗೆ ದತ್ತಕರಾದರು. ರಾಜಕೋಟೆಯ ರಾಜಕುಮಾರ ಕಾಲೇಜಿನ ಬಳಿಕ ಅವರ ವಿದ್ಯಾಭ್ಯಾಸ ಮುಂದುವರಿದದ್ದು ಧಾರವಾಡದಲ್ಲಿ, ಎಸ್.ಎಂ. ಫ್ರೇಜರ್ ಎಂಬ ಆಂಗ್ಲ ಗುರುವಿನ ಬಳಿ. 1894ರ ಏಪ್ರಿಲ್ 2ರಂದು ಅಧಿಕಾರ ವಹಿಸಿಕೊಂಡಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಆಗ ದರ್ಬಾರಿನ ಆಡಳಿತ ವಿಭಾಗದಲ್ಲಿದ್ದ 71 ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. ಇತರರಿಗೆ ಕೊಡೋಣವೆಂದರೆ ಓದಿದವರು ಸಿಗುತ್ತಿರಲಿಲ್ಲ; ಓದಿದರೂ ಹುದ್ದೆ ಸಿಗದೆಂದು ಇತರರು ಓದುತ್ತಿರಲಿಲ್ಲ. ಈ ಗಂಟನ್ನು ಬಿಚ್ಚಲು ಶಾಹೂ ಮೊದಲು ಹಿಡಿದದ್ದು ಸಾಮಾನ್ಯ ಮಾರ್ಗವನ್ನೇ. 1896ರಲ್ಲಿ ಎಲ್ಲ ಜಾತಿಯವರಿಗೂ ತೆರೆದ ವಿದ್ಯಾರ್ಥಿನಿಲಯವನ್ನು ರಾಜಾರಾಮ ಕಾಲೇಜಿಗೆ ಹೊಂದಿಸಿ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದರಲ್ಲಿ ಉಳಿದವರು ಬ್ರಾಹ್ಮಣ ವಿದ್ಯಾರ್ಥಿಗಳು ಮಾತ್ರ. ಎಲ್ಲರಿಗೂ ಮುಕ್ತವೆಂದು ಇಟ್ಟ ಬಹುಮಾನ ಈಗಾಗಲೇ ಮುಂದಿರುವವನ ಮನೆಗೇ ಹೋಗುವುದು ಹೀಗೆ. ತಾಲ್ಲೂಕಿಗೆ ಮೊದಲಿಗರಾದವರಿಗೆ ಪದಕ ತೊಡಿಸಿ ಛಾಯಾಚಿತ್ರ ತೆಗೆಸಿಕೊಳ್ಳುವ ನಮ್ಮ ಇಂದಿನ ಸಮಾರಂಭಗಳಿಗೂ ಈ ಮಾತು ಅನ್ವಯಿಸುತ್ತದೆ.

ಅಲ್ಲಿಂದ ಶಾಹೂ ದಾರಿ ಬದಲಿಸಿದರು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಮತ್ತು ದಿಗಂಬರ ಜೈನ ಬೋರ್ಡಿಂಗ್, ಅನಂತರದ ವರ್ಷಗಳಲ್ಲಿ ಮುಸ್ಲಿಂ ಹಾಗೂ ಲಿಂಗಾಯತ ವಿದ್ಯಾರ್ಥಿನಿಲಯಗಳು, 1908ರಲ್ಲಿ ಅಸ್ಪೃಶ್ಯ ಮಕ್ಕಳಿಗೆಂದು ಮುಂಬಯಿ ಗವರ್ನರರ ಮಗಳ ಹೆಸರಿನ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತಲೆಯೆತ್ತಿದವು. ಜಾತಿಗೊಂದು ವಸತಿ ನಿಲಯವೆಂಬ ಈ ಕ್ರಮ ಆಗಲೂ ಟೀಕೆಗೆ ಒಳಗಾಯಿತು, ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಹಳ್ಳಿಯಿಂದ ಬಂದ ಒಕ್ಕಲು ಮನೆಯ ಹುಡುಗನಿಗೆ ಪೇಟೆಯಲ್ಲಿ ಎರಡು ಹೊತ್ತಿನ ಊಟ, ಮಲಗಲು ಜಾಗ ದೊರೆತದ್ದು ಇದರಿಂದಲೇ. ಪರೀಕ್ಷೆ ಮುಗಿದ ಮೇಲೆ ಕೊಡುವ ಬಹುಮಾನವನ್ನು ಅವರು ಪಾಠ ಆರಂಭವಾಗುವ ಮೊದಲೇ ಕೊಟ್ಟರು. ರಯತ ಶಿಕ್ಷಣ ಸಂಸ್ಥೆಯನ್ನು 1919ರಲ್ಲಿ ಕಟ್ಟಿದ ಭಾವುರಾವ್ ಪಾಟೀಲರು ವಿದ್ಯಾರ್ಥಿಯಾಗಿ ಇದ್ದುದು ಆ ಜೈನ ಬೋರ್ಡಿಂಗ್‌ನಲ್ಲೇ. ಚಿಕ್ಕೋಡಿ ಸೀಮೆಯ ಸದಲಗಾದ ಆ.ನೇ. ಉಪಾಧ್ಯೆ ಮುಂದೆ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಬೋಧಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ಗಡಿನಾಡಿಗೆ ಕೊಲ್ಹಾಪುರದ ನಂಟು ಎಷ್ಟು ಗಾಢವೆಂಬುದಕ್ಕೆ ಸಾಕ್ಷಿ.

ಊಟ, ವಸತಿ ಆಯಿತು. ಓದಿದ ಬಳಿಕ? 1902ರ ಜುಲೈ 26ರ ಆಜ್ಞೆ ಅದಕ್ಕೆ ಉತ್ತರ. ಅಂದಿನಿಂದ ತೆರವಾಗುವ ಹುದ್ದೆಗಳಲ್ಲಿ ಶೇ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಡಬೇಕೆಂದು ಶಾಹೂ ಆಜ್ಞಾಪಿಸಿದರು. ಆಗ ಅವರು ಇಂಗ್ಲೆಂಡ್ ಪ್ರವಾಸದಲ್ಲಿದ್ದರು. 1912ರ ಹೊತ್ತಿಗೆ 95 ಹುದ್ದೆಗಳಲ್ಲಿ ಬ್ರಾಹ್ಮಣರು 35 ಮಂದಿ ಮಾತ್ರ. ಮುಂದೆ ದಲಿತ ಯುವಕರಿಗೆ ವಕೀಲಿಯ ಸನದುಗಳನ್ನೂ ನೀಡಿದರು.

ಬಹುಮಾನದ ಜತೆಗೆ ದಂಡವೂ ಇತ್ತೆಂಬುದನ್ನು ಮರೆಮಾಚಬೇಕಿಲ್ಲ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆಗೆ ಬ್ರಿಟಿಷ್ ಆಡಳಿತದಲ್ಲಿ ಸೋಲಾಯಿತು. ಬಡೋದೆಯ ಸಯಾಜಿರಾವ್ ಗಾಯಕವಾಡರು ಅದನ್ನು 1906ರಲ್ಲೇ ತಮ್ಮ ಸಂಸ್ಥಾನದಲ್ಲಿ ಜಾರಿಗೊಳಿಸಿದ್ದರು. ಶಾಹೂ 1917ರಲ್ಲಿ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾನೂನು ತಂದು, ಮಗುವನ್ನು ಶಾಲೆಗೆ ಕಳುಹಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ವಿಧಿಸಿದರು. ದನ ಕಾಯುವ ಮಗನ ದುಡಿಮೆಯನ್ನೇ ನೆಚ್ಚಿದ ಕೂಲಿಕಾರನಿಗೆ ಆ ಒಂದು ರೂಪಾಯಿ ಹಗುರವಾಗಿರಲಾರದು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕೆಂದು ಆಜ್ಞೆ ಹೊರಡಿಸಿದರು. ಸವರ್ಣರ ಜತೆ ಚಾಪೆಯ ಮೇಲೆ ಸಮನಾಗಿ ಕುಳಿತುಕೊಳ್ಳುವ ಹಕ್ಕಿನ ಮುಂದೆ ಯಾವ ಪಾರಿತೋಷಕವೂ ಸಣ್ಣದೇ.

1920ರ ಮಾರ್ಚ್‌ನಲ್ಲಿ ಮಾಣಗಾಂವದಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಶಾಹೂ ಖುದ್ದಾಗಿ ಬಂದರು. ಅಧ್ಯಕ್ಷ ಪೀಠದಲ್ಲಿದ್ದವರು ಬಡೋದೆಯ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋಗಿ ಓದಿ ಬಂದಿದ್ದ ಯುವಕ ಭೀಮರಾವ್ ಅಂಬೇಡ್ಕರ್. ಅವರ ಮೂಕನಾಯಕ ಪತ್ರಿಕೆಗೆ ಶಾಹೂ 2,500 ರೂಪಾಯಿ ನೆರವಿತ್ತಿದ್ದರು. ಲಂಡನ್‌ನ ವ್ಯಾಸಂಗಕ್ಕೂ ಸಹಾಯ ಮಾಡಿದರು.

ಕರ್ನಾಟಕದಲ್ಲಿ 2002ರ ಬಳಿಕ ಬಂದ ಅಕ್ಷರ ದಾಸೋಹದ ಬಿಸಿಯೂಟ ಮತ್ತು 2006-07ರಲ್ಲಿ ಎಂಟನೇ ತರಗತಿಯವರಿಗಾಗಿ ಆರಂಭವಾದ ಸೈಕಲ್ ಯೋಜನೆ ಇದೇ ಜಾಡಿನವು. ಇವೆರಡಕ್ಕೂ ಅಂಕಪಟ್ಟಿ ಕೇಳಲಿಲ್ಲ, ಹಾಜರಿ ಕೇಳಿದರು.

ಶಾಹೂ ಮಹಾರಾಜರು 1922ರ ಮೇ 6ರಂದು ಮುಂಬಯಿಯಲ್ಲಿ ನಿಧನ ಹೊಂದಿದರು. ಆಗ ಅವರಿಗೆ 47 ವರ್ಷ. ಎರಡು ವರ್ಷಗಳ ಬಳಿಕ, ಬೆಳಗಾವಿಯಲ್ಲಿ ವಕೀಲರಾಗಿ ಹೆಸರು ಮಾಡಿದ ಅಣ್ಣಾಸಾಹೇಬ ಲಠ್ಠೆಯವರು ಇಂಗ್ಲಿಷಿನಲ್ಲಿ ಅವರ ಚರಿತ್ರೆ ಬರೆದು ಪ್ರಕಟಿಸಿದರು. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದಾಗ ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು.