ಮೈಕೇಲ್ ಫ್ಯಾರಡೆಯ ಋಣಪ್ರಜ್ಞೆ

ಒಂದು ಸಂಸ್ಥೆಯಲ್ಲಿ ನಿಷ್ಠೆಯಿಂದ ದುಡಿಯುತ್ತಿರುವವನಿಗೆ ಅದೇ ಬಗೆಯ ಇನ್ನೊಂದು ಸಂಸ್ಥೆಯಿಂದ ಹೆಚ್ಚಿನ ಮಾನದ ಕರೆ ಬಂದರೆ ಅವನು ಮಾಡತಕ್ಕದ್ದೇನು? ಹೋಗುವುದು ಕೃತಘ್ನತೆಯೆಂದು ಕೆಲವರು ಹೇಳುವರು. ಹೋಗದಿರುವುದು ಮೂಢತನವೆಂದು ಹಲವರು ಹೇಳುವರು. ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ದಿನವೂ ಏಳುವ ಈ ಪ್ರಶ್ನೆಗೆ ಇವೆರಡೂ ಅರೆ ಉತ್ತರಗಳೆಂದು ನಮ್ಮ ಮತ. ಇಂಗ್ಲೆಂಡಿನ ವಿಜ್ಞಾನಿ ಮೈಕೇಲ್ ಫ್ಯಾರಡೆಯ ಜೀವನವು ಈ ವಿಷಯದಲ್ಲಿ ವಿಚಾರಾರ್ಹವಾದುದು. ಅವನು ಒಮ್ಮೆ ಬಿಟ್ಟುಹೋದನು, ಇನ್ನೊಮ್ಮೆ ಉಳಿದುಕೊಂಡನು; ಎರಡು ಸಲವೂ ಧರ್ಮದಿಂದಲೇ ನಡೆದನು.

1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿಯ ನ್ಯೂಯಿಂಗ್ಟನ್ನಿನಲ್ಲಿ ಒಬ್ಬ ಬಡ ಕಮ್ಮಾರನ ಮಗನಾಗಿ ಫ್ಯಾರಡೆ ಜನಿಸಿದನು. ಓದು, ಬರಹ, ಲೆಕ್ಕ ಇಷ್ಟೇ ಅವನಿಗೆ ಶಾಲೆಯಲ್ಲಿ ದೊರೆತ ವಿದ್ಯೆ. 1805ರಲ್ಲಿ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ರಟ್ಟು ಕಟ್ಟುವ ಕೆಲಸ ಕಲಿಯಲು 7 ವರುಷಗಳ ಕರಾರಿನ ಮೇಲೆ ಸೇರಿದನು. ಹೊಲಿಗೆಗೆ ಬಂದ ಪುಸ್ತಕಗಳನ್ನು ಓದಿ ಓದಿ ಅವನಿಗೆ ವಿಜ್ಞಾನದ ಹಂಬಲ ಹತ್ತಿತು. 1812ರಲ್ಲಿ ಗಿರಾಕಿಯೊಬ್ಬನು ಕೊಡಿಸಿದ ಟಿಕೀಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಅವುಗಳ ಟಿಪ್ಪಣಿಯನ್ನು ತನ್ನ ಕೈಯಿಂದಲೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಸದ್ಯಕ್ಕೆ ಕಸುಬನ್ನು ಬಿಡದಿರುವುದೇ ಲೇಸೆಂದು ಡೇವಿ ಬುದ್ಧಿ ಹೇಳಿದನು.

ಕರಾರಿನ ಅವಧಿ ಅಷ್ಟರಲ್ಲಿ ತೀರಿತ್ತು. ಫ್ಯಾರಡೆ ಇನ್ನೊಬ್ಬ ಯಜಮಾನನ ಬಳಿ ಕೂಲಿಯ ಮೇಲೆ ದುಡಿಯುತ್ತಿದ್ದನು. ಮುಂಗೋಪಿಯಾದರೂ ಮಕ್ಕಳಿಲ್ಲದ ಆ ಯಜಮಾನನು, ತನ್ನಲ್ಲಿಯೇ ನಿಂತರೆ ತನ್ನ ತರುವಾಯ ಆಸ್ತಿಯೆಲ್ಲ ನಿನ್ನದೆಂದು ಆಸೆ ತೋರಿಸಿದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. 1813ರಲ್ಲಿ ಡೇವಿಯ ಪ್ರಯೋಗಶಾಲೆಯಲ್ಲಿ ಸಹಾಯಕನ ಸ್ಥಾನ ತೆರವಾಯಿತು. ವಾರಕ್ಕೆ 25 ಷಿಲ್ಲಿಂಗು, ಇರಲು ಕೋಣೆ, ಇಷ್ಟೇ ಪ್ರತಿಫಲ. ಫ್ಯಾರಡೆ ಆಸ್ತಿಯ ಆಸೆಯನ್ನು ಬಿಟ್ಟು ಅತ್ತ ನಡೆದನು. ಇದರಲ್ಲಿ ದ್ರೋಹವೇನೂ ಇರಲಿಲ್ಲ. 7 ವರುಷಗಳ ಮಾತನ್ನು ಪೂರ್ತಿ ನಡೆಸಿಕೊಟ್ಟಿದ್ದನು. ಅರ್ಧಕ್ಕೆ ನಿಂತ ಹೊಣೆ ಯಾವುದೂ ಅವನನ್ನು ತಡೆಯುವಂತಿರಲಿಲ್ಲ.

ಹೊಸ ಸ್ಥಳದಲ್ಲಿ ಅವನಿಗೆ ಹೂವಿನ ಹಾಸಿಗೆಯೇನೂ ಕಾದಿರಲಿಲ್ಲ. ಯುರೋಪು ಪ್ರವಾಸದಲ್ಲಿ ಡೇವಿಯ ಪರಿಚಾರಕನ ಕೆಲಸವೂ ಇವನ ಪಾಲಿಗೆ ಬಂದಿತು. ಡೇವಿಯ ಪತ್ನಿ ಇವನನ್ನು ಆಳಿನಂತೆ ಕಂಡಳು. 1824ರಲ್ಲಿ ಇವನು ರಾಯಲ್ ಸೊಸೈಟಿಯ ಸದಸ್ಯನಾಗುವಾಗ ಅಡ್ಡಬಂದವನು ಅದರ ಅಧ್ಯಕ್ಷನಾಗಿದ್ದ ಡೇವಿಯೇ. ಆದರೂ ಒಬ್ಬ ವ್ಯಕ್ತಿಯ ಮೇಲಿನ ನೋವನ್ನು ಸಂಸ್ಥೆಯ ಲೆಕ್ಕಕ್ಕೆ ಫ್ಯಾರಡೆ ಬರೆಯಲಿಲ್ಲ. 1825ರಲ್ಲಿ ಪ್ರಯೋಗಶಾಲೆಯ ನಿರ್ದೇಶಕನಾದ ಮೇಲೆಯೂ ವರುಷಕ್ಕೆ 100 ಪೌಂಡು, ವಾಸಕ್ಕೆ ಕೋಣೆಗಳು, ಕಲ್ಲಿದ್ದಲು, ಮೇಣದ ಬತ್ತಿ ಇವೇ ಅವನ ಸಂಪಾದನೆ.

1827ರಲ್ಲಿ ಪರೀಕ್ಷೆಯ ಗಳಿಗೆ ಬಂದಿತು. ಆಗತಾನೆ ಸ್ಥಾಪಿತವಾಗಿದ್ದ ಲಂಡನ್ ವಿಶ್ವವಿದ್ಯಾನಿಲಯದವರು ರಸಾಯನಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆ ಅವನನ್ನು ಕರೆದರು. ಈ ಕರೆ ಸಾಮಾನ್ಯವಾದುದಲ್ಲ. ಪ್ರಾಚೀನವಾದ ಆಕ್ಸ್‌ಫರ್ಡು, ಕೇಂಬ್ರಿಜ್ಜುಗಳು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರನ್ನು ದೂರವಿಟ್ಟಿದ್ದ ಕಾಲವದು. ಫ್ಯಾರಡೆಯಾದರೋ ಸ್ಯಾಂಡಿಮನಿಯನ್ ಎಂಬ ಚಿಕ್ಕ ಪಂಥದವನು. ಮತಭೇದವೆಣಿಸದ ಹೊಸ ವಿದ್ಯಾಲಯವು ಕಾಲೇಜನ್ನೇ ಕಾಣದ ಕಮ್ಮಾರನ ಮಗನಿಗೆ ಪೀಠವನ್ನು ನೀಡಿತ್ತು.

ಫ್ಯಾರಡೆ ವಿನಯದಿಂದ ಒಲ್ಲೆನೆಂದು ಬರೆದನು. ಅವನು ಕೊಟ್ಟ ಕಾರಣಗಳನ್ನು ನಮ್ಮ ವಾಚಕರು ಗಮನಿಸಬೇಕು. ಕಳೆದ 14 ವರುಷಗಳಲ್ಲಿ ತನಗೆ ಜ್ಞಾನವನ್ನೂ ಸಂತೋಷವನ್ನೂ ಕೊಟ್ಟದ್ದು ರಾಯಲ್ ಇನ್‌ಸ್ಟಿಟ್ಯೂಷನ್ನು. ಅದು ಹಣದ ಮುಗ್ಗಟ್ಟಿನಲ್ಲಿದ್ದು ಈಗಷ್ಟೇ ಚೇತರಿಸಿಕೊಳ್ಳುತ್ತಿದೆ. ಇಂಥ ಸಮಯದಲ್ಲಿ ಕೈಬಿಟ್ಟರೆ ಅದಕ್ಕೆ ಹಾನಿಯಾದೀತು. ಮೇಲಾಗಿ ದುರ್ಬೀನುಗಳಿಗೆ ಬೇಕಾದ ಗಾಜಿನ ಬಗೆಗೆ ದೀರ್ಘವಾದ ಪ್ರಯೋಗಗಳನ್ನು ಮಾಡಿಕೊಡುವುದಾಗಿ ಅವನು ಒಪ್ಪಿಕೊಂಡಿದ್ದನು. ಅದು ಮುಗಿಯಲು ಎರಡು ವರುಷವಾದರೂ ಬೇಕು. ಆದುದರಿಂದ ಅಷ್ಟು ಕಾಲ ತಾನು ಸ್ವತಂತ್ರನಲ್ಲ. ಆಜೀವ ದಾಸ್ಯದ ಮಾತನ್ನು ಅವನು ಆಡಲಿಲ್ಲ, ಹೊಸ ಸಂಸ್ಥೆಯನ್ನು ಹೀಗಳೆಯಲಿಲ್ಲ. ಆ ಕರೆಯನ್ನು ತೋರಿಸಿ ತನ್ನವರಿಂದ ಹೆಚ್ಚು ಸಂಬಳ ಕೀಳಲೂ ಹೋಗಲಿಲ್ಲ. ಋಣವನ್ನು ಅಳೆದು, ಅದಕ್ಕೆ ಅವಧಿಯನ್ನು ಗೊತ್ತುಮಾಡಿದನು.

ಗಾಜಿನ ಕೆಲಸ ಬೇಸರದ್ದು. ಅದನ್ನು ನಡೆಸಿಕೊಟ್ಟ ತರುವಾಯವೇ 1831ರಲ್ಲಿ ಅದರಿಂದ ಬಿಡುಗಡೆ ಬೇಡಿದನು. ಅದೇ ವರುಷ ಆಗಸ್ಟ್ 29ರಂದು, ಅಯಸ್ಕಾಂತದ ಬಲ ಬದಲಾದಾಗ ತಂತಿಯಲ್ಲಿ ವಿದ್ಯುತ್ತು ಹರಿಯುವುದನ್ನು ಕಂಡುಹಿಡಿದನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಈ ತತ್ತ್ವದ ಫಲವೇ. ಬೇಸರದ ದುಡಿಮೆಯೂ ವ್ಯರ್ಥವಾಗಲಿಲ್ಲ. ಆಗ ತಯಾರಿಸಿದ ಭಾರವಾದ ಗಾಜಿನ ತುಂಡಿನಿಂದಲೇ 1845ರಲ್ಲಿ ಅಯಸ್ಕಾಂತವು ಬೆಳಕಿನ ಮೇಲೆ ಪರಿಣಾಮ ಮಾಡುವುದನ್ನು ತೋರಿಸಿದನು. ಆದರೆ ಫಲ ದೊರೆತುದರಿಂದ ನಿರ್ಣಯವು ಸರಿಯಾಯಿತೆಂದು ನಾವು ಹೇಳುವುದಿಲ್ಲ. 1827ರಲ್ಲಿ ಈ ಫಲಗಳ ಸುಳಿವು ಅವನಿಗಿರಲಿಲ್ಲ. ಏನೂ ದೊರೆಯದಿದ್ದರೂ ಅದು ಸರಿಯಾದ ನಿರ್ಣಯವೇ ಆಗಿರುತ್ತಿತ್ತು.

ಹಣವೆಂದರೆ ಅವನಿಗೆ ಹೇಸಿಗೆಯೆಂದು ಯಾರೂ ತಿಳಿಯಬಾರದು. ತನ್ನ ಸಂಸ್ಥೆಯ ಕೆಲಸಕ್ಕೆ ಬಾಧೆಯಿಲ್ಲದಂತೆ 1830ರಿಂದ ವುಲಿಚ್ಚಿನ ಸೈನಿಕ ವಿದ್ಯಾಲಯದಲ್ಲಿ ಪಾಠ ಹೇಳಿ ವರುಷಕ್ಕೆ 200 ಪೌಂಡು ಪಡೆದನು. ಕಾರಖಾನೆಗಳವರಿಗೂ ವಕೀಲರಿಗೂ ಸಲಹೆ ಕೊಟ್ಟು ಗಳಿಸುತ್ತಿದ್ದ ಹಣವಾದರೋ 1830ರಲ್ಲಿ 1,000 ಪೌಂಡಿಗೂ ಮೀರಿತ್ತು. ಅದು ಸಂಶೋಧನೆಯ ಹೊತ್ತನ್ನು ನುಂಗುವುದೆಂದು ಕಂಡಾಗ ತಾನಾಗಿಯೇ ಅದನ್ನು ಕಡಿಮೆಮಾಡುತ್ತ ಬಂದು ಕೊನೆಗೆ ತೊರೆದುಬಿಟ್ಟನು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನೂ ಒಲ್ಲೆನೆಂದನು. 1867ರ ಆಗಸ್ಟ್ 25ರಂದು, ರಾಣಿ ವಿಕ್ಟೋರಿಯಾ ವಾಸಕ್ಕೆ ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ತೀರಿಕೊಂಡನು.

ಈ ಜೀವನದಿಂದ ನಾವು ಕಲಿಯತಕ್ಕದ್ದು, ಎಂದೂ ಸ್ಥಾನ ಬಿಡಬಾರದೆಂಬುದನ್ನಲ್ಲ. ಕರೆ ಬಂದಾಗ ಸಂಬಳವನ್ನು ಎಣಿಸುವ ಮೊದಲು, ಕೊಟ್ಟ ಮಾತು ತೀರಿತೆ, ಹಿಡಿದ ಕೆಲಸ ಮುಗಿಯಿತೆ, ತಾನು ಹೊರಟರೆ ಹಿಂದುಳಿದವರ ಗತಿಯೇನು ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಉತ್ತರವು ಸ್ವಚ್ಛವಾಗಿದ್ದರೆ ತಲೆಯೆತ್ತಿ ಹೋಗಬಹುದು. ಇಲ್ಲವಾದರೆ ಅವಧಿಯನ್ನು ಗೊತ್ತುಮಾಡಿ ನಿಲ್ಲಬೇಕು. ಸಂಸ್ಥೆಗಳನ್ನು ನಡೆಸುವ ಮಹಾಶಯರಿಗೂ ಒಂದು ಮಾತು. ಸೇವಕನ ಕೃತಜ್ಞತೆಯು ಅವನು ತಾನಾಗಿ ಕೊಡುವ ಕಾಣಿಕೆ; ಅದನ್ನು ಕಂದಾಯದಂತೆ ವಸೂಲುಮಾಡುವ ಹಕ್ಕು ಯಾರಿಗೂ ಇಲ್ಲ.