ಸಂತ ಬೆರ್ನದೆತ್ತಮ್ಮ: ಮಕ್ಕಳಿಗೆ ಹೇಳದೆ ಉಳಿದ ಭಾಗ

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ಸಂಜೆ, ನಮ್ಮ ಧರ್ಮಕೇಂದ್ರದ ಜ್ಞಾನೋಪದೇಶ ತರಗತಿಯ ಮಕ್ಕಳು ದೇವಾಲಯದ ಪಕ್ಕದ ಗವಿಯ ಮುಂದೆ ಒಂದು ಚಿಕ್ಕ ರೂಪಕವನ್ನು ಅಭಿನಯಿಸುವುದು ವಾಡಿಕೆ. ಬಿಳಿಯ ಸೀರೆ, ನೀಲಿಯ ನಡುಪಟ್ಟಿ ಧರಿಸಿದ ಹುಡುಗಿಯೊಬ್ಬಳು ದೇವಮಾತೆಯಾಗುತ್ತಾಳೆ. ತಲೆಗೆ ವಸ್ತ್ರ ಹೊದ್ದ ಇನ್ನೊಬ್ಬಳು ಕೈಯಲ್ಲಿ ಜಪಸರ ಹಿಡಿದು ಮೊಣಕಾಲೂರುತ್ತಾಳೆ. ಒಂದು ವರ್ಷ ರೂಪಕ ಮುಗಿದು ಜನರೆಲ್ಲ ಮೇಣದಬತ್ತಿ ಹಿಡಿದು ಮೆರವಣಿಗೆಗೆ ಸಾಲುಗಟ್ಟುತ್ತಿದ್ದಾಗ, ಬೆರ್ನದೆತ್ತಳ ವೇಷದಲ್ಲಿದ್ದ ಆ ಪುಟ್ಟ ಹುಡುಗಿ ನನ್ನ ನಿಲುವಂಗಿಯ ಅಂಚನ್ನು ಹಿಡಿದು, ದೇವಮಾತೆ ಬರುವುದು ನಿಂತ ಮೇಲೆ ಬೆರ್ನದೆತ್ ಏನು ಮಾಡಿದಳು ಎಂದು ಕೇಳಿದಳು. ಕನ್ಯಾಸ್ತ್ರೀಯಾದಳು, ಸಂತಳಾದಳು ಎಂದು ಎರಡು ಮಾತಿನಲ್ಲಿ ಉತ್ತರಿಸಿ ನಾನು ಮೆರವಣಿಗೆಯ ಮುಂಭಾಗಕ್ಕೆ ನಡೆದೆ. ಆ ಉತ್ತರ ನನಗೇ ತೃಪ್ತಿ ಕೊಡಲಿಲ್ಲ. ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಮಕ್ಕಳಿಗಾಗಿ ಒಬ್ಬ ಸಂತರ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಅಂದು ಅರ್ಧಕ್ಕೆ ಬಿಟ್ಟ ಉತ್ತರವನ್ನು ಪೂರ್ಣಗೊಳಿಸುವುದು ನನ್ನ ಕರ್ತವ್ಯವೆಂದು ತೋರಿತು. ತಂದೆತಾಯಂದಿರು ಇದನ್ನು ಓದಿ ತಮ್ಮ ಮಕ್ಕಳಿಗೆ ಹೇಳಲಿ ಎಂಬುದು ನನ್ನ ವಿನಂತಿ.

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಪಿರೆನೀಸ್ ಪರ್ವತಗಳ ಬುಡದಲ್ಲಿರುವ ಲೂರ್ದು ಎಂಬ ಸಣ್ಣ ಪಟ್ಟಣದಲ್ಲಿ, 1844ರ ಜನವರಿ 7ರಂದು ಬೆರ್ನದೆತ್ ಸುಬಿರು ಜನಿಸಿದಳು. ತಂದೆ ಫ್ರಾನ್ಸುವಾ ನೀರಿನಿಂದ ತಿರುಗುವ ಒಂದು ಹಿಟ್ಟಿನ ಗಿರಣಿಯನ್ನು ನಡೆಸುತ್ತಿದ್ದ. ತಾಯಿಯ ಹೆಸರು ಲೂಯೀಸ್. ಮೊದಮೊದಲು ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಫ್ರಾನ್ಸುವಾ ವ್ಯವಹಾರ ಬಲ್ಲವನಲ್ಲ; ಸಾಲ ಕೇಳಿದವರಿಗೆ ಇಲ್ಲವೆನ್ನಲಾರದವನು. 1854ರಲ್ಲಿ ಗಿರಣಿ ಕೈಬಿಟ್ಟುಹೋಯಿತು. ಮರುವರ್ಷ ಊರಿಗೆ ಬಂದ ಕಾಲರಾ ಬೇನೆ ಬಾಲಕಿಯನ್ನೂ ಹಿಡಿಯಿತು. ಪ್ರಾಣ ಉಳಿಯಿತು, ಆರೋಗ್ಯ ಉಳಿಯಲಿಲ್ಲ. ಉಬ್ಬಸವಂತೂ ಸಾಯುವ ದಿನದವರೆಗೂ ಅವಳನ್ನು ಬಿಡಲಿಲ್ಲ. ಮನೆಯಿಂದ ಮನೆಗೆ ಇಳಿಯುತ್ತಾ ಕೊನೆಗೆ 1857ರಲ್ಲಿ ಆ ಸಂಸಾರ ಸೇರಿದ್ದು ಒಂದು ಹಳೆಯ ಸೆರೆಮನೆಯ ಕೋಣೆಗೆ. ಸೆರೆಯಾಳುಗಳಿಗೇ ಯೋಗ್ಯವಲ್ಲವೆಂದು ಬಿಟ್ಟುಬಿಟ್ಟಿದ್ದ, ಸುಮಾರು ನಾಲ್ಕು ಮೀಟರ್ ಉದ್ದಗಲದ ಆ ಕತ್ತಲೆ ಕೋಣೆಯಲ್ಲಿ ತಂದೆ, ತಾಯಿ, ನಾಲ್ವರು ಮಕ್ಕಳು. ಅದೇ ವರ್ಷ ಎರಡು ಮೂಟೆ ಹಿಟ್ಟು ಕದ್ದನೆಂಬ ಗುಮಾನಿಯ ಮೇಲೆ ಫ್ರಾನ್ಸುವಾನನ್ನು ಹಿಡಿದು ಕೆಲವು ದಿನ ಸೆರೆಯಲ್ಲಿಟ್ಟು, ಆಮೇಲೆ ಬಿಟ್ಟರು. ಕದ್ದದ್ದಕ್ಕೆ ಸಾಕ್ಷ್ಯವಿರಲಿಲ್ಲ. ಬಡವನಾದ್ದರಿಂದ ಕದ್ದಿರಬೇಕು ಎಂಬ ಊಹೆಯೇ ಸಾಕಾಗಿತ್ತು. ಈ ಸಂಗತಿಯನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಹೇಳಬೇಕು, ಇಂಥ ಅವಮಾನವನ್ನು ಕಂಡ ಮನೆಗಳಿಂದಲೂ ಮಕ್ಕಳು ನಮ್ಮ ತರಗತಿಗೆ ಬರುತ್ತಾರೆ.

ತಿನ್ನುವ ಬಾಯಿ ಒಂದಾದರೂ ಕಡಿಮೆಯಾಗಲೆಂದು ಬೆರ್ನದೆತ್ತಳನ್ನು ಹತ್ತಿರದ ಬಾರ್ತ್ರೆಸ್ ಎಂಬ ಹಳ್ಳಿಗೆ, ಶೈಶವದಲ್ಲಿ ಅವಳಿಗೆ ಹಾಲೂಡಿಸಿದ್ದ ಸಾಕುತಾಯಿಯ ಮನೆಗೆ ಕಳುಹಿಸಿದರು. ಅಲ್ಲಿ ಅವಳು ಕುರಿ ಕಾಯ್ದಳು. ರಾತ್ರಿ ಕೆಲಸ ಮುಗಿದ ಮೇಲೆ ಸಾಕುತಾಯಿ ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಫ್ರೆಂಚ್ ಭಾಷೆಯಲ್ಲಿ ಓದಿ, ಬಾಯಿಪಾಠ ಮಾಡಿಸಲು ಯತ್ನಿಸುತ್ತಿದ್ದಳು. ಬೆರ್ನದೆತ್ತಳ ಮನೆಮಾತು ಫ್ರೆಂಚ್ ಅಲ್ಲ, ಆ ಸೀಮೆಯ ಆಡುನುಡಿ. ಅರ್ಥವಾಗದ ವಾಕ್ಯಗಳು ತಲೆಯಲ್ಲಿ ನಿಲ್ಲಲಿಲ್ಲ. ನಿನ್ನಂಥ ದಡ್ಡಿಗೆ ಎಂದಿಗೂ ಏನೂ ಬರುವುದಿಲ್ಲವೆಂದು ಸಾಕುತಾಯಿ ಪುಸ್ತಕ ಎಸೆದದ್ದೂ ಉಂಟು. ಹೀಗೆ ಹದಿನಾಲ್ಕು ತುಂಬಿದರೂ ಅವಳಿಗೆ ಮೊದಲ ಪರಮಪ್ರಸಾದ ದೊರಕಿರಲಿಲ್ಲ. ಅದಕ್ಕಾಗಿಯೇ ಹಠ ಹಿಡಿದು 1858ರ ಜನವರಿಯಲ್ಲಿ ಅವಳು ಲೂರ್ದಿಗೆ, ಆ ಸೆರೆಮನೆಯ ಕೋಣೆಗೆ, ಹಿಂದಿರುಗಿದಳು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಬರೆಯಲಾರೆ. ಗುರುದೀಕ್ಷೆ ಪಡೆದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ, ಮನೆಯಲ್ಲಿ ಬೇರೆ ಭಾಷೆಯಾಡುವ ಒಬ್ಬ ಹುಡುಗ ಕನ್ನಡದ ಪ್ರಶ್ನೋತ್ತರಗಳನ್ನು ಒಪ್ಪಿಸಲಾರದೆ ತಡವರಿಸಿದನೆಂದು ನಾನು ಅವನನ್ನು ಮೊದಲ ಪರಮಪ್ರಸಾದದ ಸಾಲಿನಿಂದ ಹಿಂದೆ ನಿಲ್ಲಿಸಿದೆ. ಬಿಳಿಯ ಅಂಗಿ ಹೊಲಿಸಿಯಾಗಿತ್ತು. ಮರುವರ್ಷ ಆ ಸಂಸಾರ ಕೂಲಿ ಅರಸಿಕೊಂಡು ಊರು ಬಿಟ್ಟಿತ್ತು. ಬೆರ್ನದೆತ್ತಮ್ಮನವರ ಬಾಲ್ಯದ ಈ ಪುಟವನ್ನು ಸೆಮಿನರಿಯಲ್ಲಿ ಎಷ್ಟೋ ಸಲ ಓದಿದ್ದೆ. ಆ ಹುಡುಗ ಕಣ್ಣೆದುರು ನಿಂತಾಗ ನೆನಪಾಗಲಿಲ್ಲ.

1858ರ ಫೆಬ್ರವರಿ 11, ಗುರುವಾರ. ಮನೆಯಲ್ಲಿ ಉರಿಸಲು ಸೌದೆಯಿಲ್ಲದೆ ಬೆರ್ನದೆತ್ ತನ್ನ ತಂಗಿ ಮತ್ತು ಒಬ್ಬ ಗೆಳತಿಯೊಡನೆ ಗಾವ್ ನದಿಯ ದಂಡೆಯ ಮಸಬಿಯೆಲ್ ಎಂಬ ಬಂಡೆಯ ಬಳಿಗೆ ಪುಳ್ಳೆ ಆಯಲು ಹೋದಳು. ಉಳಿದಿಬ್ಬರು ತಣ್ಣೀರಿನ ಕಾಲುವೆಯನ್ನು ದಾಟಿದರು. ಉಬ್ಬಸದ ಅವಳು ಹಿಂದುಳಿದು ಕಾಲುಚೀಲ ಕಳಚುತ್ತಿರುವಾಗ ಗಾಳಿಯ ಸದ್ದು ಕೇಳಿಸಿತು, ಮರಗಳು ಅಲುಗಲಿಲ್ಲ. ಬಂಡೆಯ ಪೊಟರೆಯಲ್ಲಿ ಬಿಳಿಯುಡುಗೆ, ನೀಲಿ ನಡುಪಟ್ಟಿ, ಪಾದಗಳ ಮೇಲೆ ಹಳದಿ ಗುಲಾಬಿಗಳಿದ್ದ ಎಳೆಯ ವಯಸ್ಸಿನ ಒಬ್ಬಾಕೆಯನ್ನು ಅವಳು ಕಂಡಳು. ಮುಂದಿನದನ್ನು ನಮ್ಮ ಮಕ್ಕಳು ಬಲ್ಲರು. ಆದರೆ ನಮ್ಮ ರೂಪಕದಲ್ಲಿ ಒಂದು ದೋಷವಿದೆ. ಅದನ್ನು ಬರೆದುಕೊಟ್ಟವನು ನಾನೇ ಆದ್ದರಿಂದ ತಿದ್ದುತ್ತೇನೆ. ರೂಪಕದಲ್ಲಿ ಬೆರ್ನದೆತ್ ಮೊದಲ ದಿನವೇ ದೇವಮಾತೆಯನ್ನು ಕಂಡೆನೆಂದು ಸಾರುತ್ತಾಳೆ. ನಿಜವಾದ ಬೆರ್ನದೆತ್ ಹಾಗೆ ಹೇಳಲಿಲ್ಲ. ವಾರಗಟ್ಟಲೆ ಅವಳು ತಾನು ಕಂಡದ್ದನ್ನು ತನ್ನ ಆಡುನುಡಿಯಲ್ಲಿ ಬರಿಯ ‘ಅದು’ ಎಂದೇ ಕರೆದಳು. ಊರೆಲ್ಲ ಆ ಹೆಸರನ್ನು ಹೇಳುತ್ತಿದ್ದಾಗಲೂ, ತನಗೆ ಗೊತ್ತಿಲ್ಲದ ಹೆಸರನ್ನು ತಾನಾಗಿ ಹೇಳಲಿಲ್ಲ.

ಪೊಲೀಸ್ ಅಧಿಕಾರಿ ಜಾಕೊಮೆ ಅವಳನ್ನು ಕರೆಸಿ ವಿಚಾರಿಸಿದ. ಅವಳ ಹೇಳಿಕೆಯನ್ನು ಬರೆದುಕೊಂಡು, ನಡುನಡುವೆ ಬೇಕೆಂದೇ ಮಾತು ಬದಲಿಸಿ ಓದಿ ಹೇಳಿದ. ಅಕ್ಷರ ಬಾರದ ಆ ಹುಡುಗಿ ಅಳಲಿಲ್ಲ, ರೇಗಲಿಲ್ಲ. ಬದಲಾದ ಕಡೆಯಲ್ಲೆಲ್ಲ ತಾನು ಹೀಗೆ ಹೇಳಲಿಲ್ಲವೆಂದು ತಿದ್ದುತ್ತಾ ಹೋದಳು. ಸೆರೆಗೆ ಹಾಕುವ ಬೆದರಿಕೆಯೂ ಫಲಿಸಲಿಲ್ಲ. ಫೆಬ್ರವರಿ 25ರಂದು ಗವಿಯ ನೆಲವನ್ನು ಕೈಯಿಂದ ಕೆದಕಿ ಕೆಸರು ನೀರು ಕುಡಿದು, ಹುಲ್ಲು ತಿಂದು, ಮುಖವೆಲ್ಲ ಮಣ್ಣಾಗಿ ಎದ್ದಾಗ, ಅದುವರೆಗೆ ನಂಬಿದ್ದವರೂ ಹುಚ್ಚೆಂದು ನಕ್ಕರು. ಆ ಕೆಸರಿನಿಂದಲೇ ತಿಳಿನೀರಿನ ಚಿಲುಮೆ ಹರಿಯಿತು.

ಆ ಊರಿನ ವಿಚಾರಣಾ ಗುರುಗಳು ಪೆರಮಾಲ್ ಸ್ವಾಮಿಯವರು. ಎತ್ತರದ ಆಳು, ದೊಡ್ಡ ದನಿ, ಮೃದು ಹೃದಯ. ಜನ ಮೆರವಣಿಗೆಯಲ್ಲಿ ಬರಬೇಕು, ಒಂದು ಪ್ರಾರ್ಥನಾಲಯವನ್ನು ಕಟ್ಟಬೇಕು ಎಂಬ ಸಂದೇಶ ಹೊತ್ತು ಮಾರ್ಚ್ 2ರಂದು ಅವಳು ಅವರಲ್ಲಿಗೆ ಹೋದಳು. ಅವರು ಗದರಿಸಿದ ಗದರಿಕೆಗೆ ಮೆರವಣಿಗೆಯ ಮಾತು ಹೇಳಿ, ಪ್ರಾರ್ಥನಾಲಯದ ಮಾತನ್ನು ಮರೆತೇ ಹೊರಬಂದಳು. ದಾರಿಯಲ್ಲಿ ನೆನಪಾಯಿತು. ಮತ್ತಾರಾದರೂ ಆಗಿದ್ದರೆ ನಾಳೆ ನೋಡೋಣವೆನ್ನುತ್ತಿದ್ದರು. ಅವಳು ಜೊತೆಗೊಬ್ಬರನ್ನು ಕರೆದುಕೊಂಡು ಅಂದು ಸಂಜೆಯೇ ಅದೇ ಬಾಗಿಲಿಗೆ ಹಿಂದಿರುಗಿ, ಉಳಿದ ಮಾತನ್ನೂ ಒಪ್ಪಿಸಿ ಹಗುರಾದಳು. ಹೆಸರನ್ನು ಕೇಳಿಕೊಂಡು ಬಾ ಎಂಬುದು ಸ್ವಾಮಿಯವರ ಆಜ್ಞೆ. ಮಾರ್ಚ್ 25ರಂದು, ದೇವದೂತನು ಮರಿಯಳಿಗೆ ಶುಭಸಂದೇಶವನ್ನಿತ್ತ ಹಬ್ಬದ ದಿನ, ಆ ಹೆಸರು ದೊರಕಿತು: ಅಮಲೋದ್ಭವ. ಜಗದ್ಗುರು ಒಂಬತ್ತನೆಯ ಪಿಯುಸರು ಆ ವಿಶ್ವಾಸಸತ್ಯವನ್ನು ಘೋಷಿಸಿದ್ದು 1854ರಲ್ಲಿ. ಬೆರ್ನದೆತ್ತಳಿಗೆ ಆ ಮಾತಿನ ಅರ್ಥ ತಿಳಿದಿರಲಿಲ್ಲ. ಮರೆತುಹೋಗಬಾರದೆಂದು ದಾರಿಯುದ್ದಕ್ಕೂ ಅದನ್ನೇ ಗುನುಗುತ್ತಾ ಗುರುನಿವಾಸಕ್ಕೆ ಬಂದಳು. ಕೇಳಿದ ಗುರುಗಳ ಗಂಟಲು ಕಟ್ಟಿತು. ಪ್ರಶ್ನೋತ್ತರ ಬಾಯಿಪಾಠವಾಗದೆ ದಡ್ಡಿಯೆನಿಸಿಕೊಂಡವಳು ಒಂದು ಪದವನ್ನು ಚೆಲ್ಲದಂತೆ ಹೊತ್ತು ತಂದಿದ್ದಳು. ಆ ವರ್ಷದ ಜೂನ್ 3ರಂದು ಅವಳಿಗೆ ಮೊದಲ ಪರಮಪ್ರಸಾದ ದೊರೆಯಿತು. ಜುಲೈ 16ರಂದು, ಹದಿನೆಂಟನೆಯ ಸಲ, ಸರ್ಕಾರದವರು ಬೇಲಿ ಹಾಕಿಸಿದ್ದ ಗವಿಯನ್ನು ನದಿಯ ಆಚೆ ದಡದಿಂದಲೇ ನೋಡಿ ಕೊನೆಯ ದರ್ಶನ ಪಡೆದಳು.

ಕಾಣಿಸಿಕೊಳ್ಳುವಿಕೆಯೆಲ್ಲ ಐದೇ ತಿಂಗಳು. ಅನಂತರ ಅವಳು ಬದುಕಿದ್ದು ಇಪ್ಪತ್ತು ವರ್ಷಕ್ಕೂ ಮಿಗಿಲು. ನಮ್ಮ ಹುಡುಗಿ ಕೇಳಿದ ಪ್ರಶ್ನೆಯಿರುವುದು ಇಲ್ಲಿ.

ನೋಡಬಂದವರಿಗೆ ಲೆಕ್ಕವಿರಲಿಲ್ಲ. ಜಪಸರ ಮುಟ್ಟಿಕೊಡೆಂದವರು, ಉಡುಪಿನ ತುಂಡು ಕತ್ತರಿಸಲು ಬಂದವರು, ಕೈಯಲ್ಲಿ ಹಣ ತುರುಕಿದವರು. ಊಟಕ್ಕಿಲ್ಲದ ಆ ಮನೆಯವರು ಒಂದು ಕಾಸನ್ನೂ ಮುಟ್ಟಲಿಲ್ಲ. ಕೊನೆಗೆ 1860ರಲ್ಲಿ ಪೆರಮಾಲ್ ಸ್ವಾಮಿಯವರು ಅವಳನ್ನು ಊರಿನಲ್ಲಿದ್ದ ನೆವೆರ್ ಸಭೆಯ ಕನ್ಯಾಸ್ತ್ರೀಯರ ಆಶ್ರಯದಲ್ಲಿರಿಸಿದರು. ಅಲ್ಲಿ ಓದುಬರಹ ಕಲಿತಳು. ವೈದ್ಯರು ಉಬ್ಬಸಕ್ಕೆಂದು ಹೇಳಿದ್ದ ನಶ್ಯವನ್ನು ಪಾಠದ ನಡುವೆ ಗೆಳತಿಯರಿಗೂ ಹಂಚಿ, ಇಡೀ ತರಗತಿ ಸೀನುವಂತೆ ಮಾಡಿದಳೆಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಅವರಿಗೆ ಸಂತಳೊಬ್ಬಳು ತಮ್ಮ ಬೆಂಚಿನಲ್ಲೇ ಕುಳಿತಂತಾಗುತ್ತದೆ. 1862ರ ಜನವರಿ 18ರಂದು ತಾರ್ಬ್ ಪ್ರಾಂತ್ಯದ ಧರ್ಮಾಧ್ಯಕ್ಷರು, ದೀರ್ಘ ವಿಚಾರಣೆಯ ಬಳಿಕ, ದರ್ಶನಗಳು ಸತ್ಯವೆಂದು ಘೋಷಿಸಿದರು. 1864ರಲ್ಲಿ ಶಿಲ್ಪಿ ಫಾಬಿಶ್ ಕೆತ್ತಿದ ಅಮೃತಶಿಲೆಯ ಪ್ರತಿಮೆ ಗವಿಯಲ್ಲಿ ಸ್ಥಾಪನೆಗೊಂಡಿತು. ನಮ್ಮ ಊರುಗಳ ಗವಿಗಳಲ್ಲಿರುವ ಪ್ರತಿಮೆಗಳು ಬಹುಪಾಲು ಅದರ ಪ್ರತಿರೂಪಗಳೇ. ಬೆರ್ನದೆತ್ತಳಿಗೆ ಅದು ಒಪ್ಪಿಗೆಯಾಗಲಿಲ್ಲ. ಅವಳು ಕಂಡದ್ದು ತನ್ನಷ್ಟೇ ಎತ್ತರದ, ಎಳೆಯ ಹುಡುಗಿಯಂಥ ರೂಪವನ್ನು.

1866ರ ಜುಲೈ 4ರಂದು ಆಕೆ ಲೂರ್ದನ್ನು ಬಿಟ್ಟು ಹೊರಟವಳು ಮತ್ತೆಂದೂ ಹಿಂದಿರುಗಲಿಲ್ಲ. ದೂರದ ನೆವೆರ್ ನಗರದ ಸಂತ ಜಿಲ್ದಾರ್ ಕನ್ಯಾಮಠಕ್ಕೆ ಬಂದ ಮರುದಿನ, ಕೂಡಿದ ಕನ್ಯಾಸ್ತ್ರೀಯರ ಮುಂದೆ ತನ್ನ ಊರಿನ ಉಡುಪಿನಲ್ಲೇ ನಿಂತು ದರ್ಶನಗಳ ಕಥೆಯನ್ನು ಹೇಳಿದಳು. ಅಲ್ಲಿಂದ ಮುಂದೆ ಆ ವಿಷಯವನ್ನು ಯಾರೂ ಎತ್ತಕೂಡದೆಂಬುದು ಮಠದ ಅಪ್ಪಣೆ. ಆಕೆಗೂ ಬೇಕಾದದ್ದು ಅದೇ. ಮರಿ ಬೆರ್ನಾರ್ ಎಂಬ ಹೆಸರು ಪಡೆದಳು. ನವಶಿಷ್ಯೆಯರ ಮೇಲ್ವಿಚಾರಕಿ ವೊಜು ಅಮ್ಮನವರು ಆಕೆಯ ವಿಷಯದಲ್ಲಿ ಕಠಿಣರಾಗಿದ್ದರು. ದೇವಮಾತೆ ಇಂಥ ಓದುಬರಹವಿಲ್ಲದ ಹಳ್ಳಿಯ ಹುಡುಗಿಗೇಕೆ ಕಾಣಿಸಿಕೊಂಡರೆಂಬುದು ಅವರಿಗೆ ಅರ್ಥವಾಗಲೇ ಇಲ್ಲ. ಅವರನ್ನು ಕೆಟ್ಟವರೆಂದು ಚಿತ್ರಿಸುವುದು ನ್ಯಾಯವಲ್ಲ. ಒಳ್ಳೆಯವರೂ ಒಬ್ಬರನ್ನೊಬ್ಬರು ಅರಿಯದೆ ನೋಯಿಸುವುದುಂಟು, ಕನ್ಯಾಮಠಗಳಲ್ಲೂ ಗುರುನಿವಾಸಗಳಲ್ಲೂ.

1867ರ ಅಕ್ಟೋಬರ್ 30ರಂದು ವ್ರತ ಸ್ವೀಕರಿಸಿದ ಹೊಸ ಕನ್ಯಾಸ್ತ್ರೀಯರಿಗೆ ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ಕೆಲಸಗಳನ್ನು ಹಂಚಿದರು. ಒಬ್ಬೊಬ್ಬರಿಗೂ ಶಾಲೆಯೋ ಆಸ್ಪತ್ರೆಯೋ ಸಿಕ್ಕಿತು. ಮರಿ ಬೆರ್ನಾರಳ ಸರದಿ ಬಂದಾಗ, ಈಕೆ ಯಾವುದಕ್ಕೂ ಪ್ರಯೋಜನವಿಲ್ಲವೆಂದು ಮಹಾಮಾತೆಯವರು ಎಲ್ಲರೆದುರು ತಿಳಿಸಿದರು. ಆಕೆ ತಲೆಯಾಡಿಸಿ ಒಪ್ಪಿಕೊಂಡಳು. ಧರ್ಮಾಧ್ಯಕ್ಷರು ಪ್ರಾರ್ಥನೆಯನ್ನೇ ಆಕೆಯ ಕೆಲಸವಾಗಿ ವಹಿಸಿದರು. ಮಠದ ರೋಗಿಗಳ ಕೊಠಡಿಯಲ್ಲಿ ಸಹಾಯಕಿಯಾಗಿ ಇರಿಸಿಕೊಂಡರು. ಆ ಕೆಲಸದಲ್ಲಿ ಆಕೆ ಚುರುಕು. ಔಷಧಿಯ ಅಳತೆ ತಪ್ಪಲಿಲ್ಲ, ನರಳುವವರ ಎದುರು ನಗೆಮಾತು ಬತ್ತಲಿಲ್ಲ. ಮನೆ ಗುಡಿಸಿದ ಮೇಲೆ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸುವುದು ಸಹಜವಲ್ಲವೇ, ತಾನೂ ದೇವಮಾತೆಯ ಕೈಯ ಪೊರಕೆಯೇ ಎಂಬುದು ಆಕೆಯ ಭಾವನೆಯಾಗಿತ್ತು.

ಅಷ್ಟರಲ್ಲಿ ತಾಯಿ ತೀರಿಹೋಗಿದ್ದಳು, 1866ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನವೇ. 1871ರಲ್ಲಿ ತಂದೆಯೂ ಹೋದ. ಇಬ್ಬರ ಮುಖವನ್ನೂ ಕೊನೆಗೆ ನೋಡಲಾಗಲಿಲ್ಲ. ಕೆಲಕಾಲ ಪೂಜಾಸಾಮಗ್ರಿಗಳ ಕೋಣೆಯನ್ನು ನೋಡಿಕೊಂಡಳು. ಆಮೇಲೆ ಮೊಣಕಾಲಿನ ಎಲುಬಿಗೆ ಕ್ಷಯ ತಗುಲಿ ಗಡ್ಡೆಯೆದ್ದಿತು. 1876ರಲ್ಲಿ ಲೂರ್ದಿನ ಬಂಡೆಯ ಮೇಲಿನ ಮಹಾದೇವಾಲಯ ಅಭಿಷೇಕಗೊಂಡಾಗ ಅಲ್ಲಿ ಜನಸಾಗರ ಸೇರಿತ್ತು. ಅದಕ್ಕೆ ಮೂಲಳಾದವಳು ನೆವೆರಿನಲ್ಲೇ ಇದ್ದಳು. ಲಕ್ಷಾಂತರ ಜನ ಲೂರ್ದಿನಿಂದ ನೀರು ಹೊತ್ತೊಯ್ಯುತ್ತಿದ್ದ ವರ್ಷಗಳಲ್ಲಿ, ಮಣ್ಣು ಕೆದಕಿ ಆ ಚಿಲುಮೆಯನ್ನು ತೆರೆದ ಕೈಗಳವಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ಮನೆಯಲ್ಲಿ ಪ್ರಾರ್ಥಿಸಿದರೂ ಗುಣವಾಗದ ಅಜ್ಜಿಯನ್ನೋ ತಮ್ಮನನ್ನೋ ಕಂಡ ಮಗು ಪ್ರಶ್ನೆ ಕೇಳಿದಾಗ, ಅದಕ್ಕೆ ಕೊಡಲು ನನ್ನ ಬಳಿ ಇರುವುದು ಈ ಒಂದು ಜೀವನವೇ. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಫೆಬ್ರವರಿ 11ನ್ನು ರೋಗಿಗಳ ವಿಶ್ವ ದಿನವೆಂದು ನೇಮಿಸಿದರು. ಅಂದು ಗವಿಯ ಮುಂದೆ ಮಂಚದ ಮೇಲಿನ ಈ ಬೆರ್ನದೆತ್ತಳನ್ನೂ ಸ್ಮರಿಸುವುದು ಯುಕ್ತ.

1879ರ ಏಪ್ರಿಲ್ 16ರಂದು, ಪುನರುತ್ಥಾನ ಹಬ್ಬದ ವಾರದ ಬುಧವಾರ, ಮಲಗಲೂ ಆಗದೆ ಕುರ್ಚಿಯಲ್ಲಿ ಕುಳಿತಂತೆಯೇ ಆಕೆ ಪ್ರಾಣಬಿಟ್ಟಳು. ವಯಸ್ಸು ಮೂವತ್ತೈದು. ಹನ್ನೊಂದನೆಯ ಪಿಯುಸರು 1925ರಲ್ಲಿ ಧನ್ಯ ಪದವಿಯನ್ನೂ, 1933ರ ಡಿಸೆಂಬರ್ 8ರಂದು ಸಂತ ಪದವಿಯನ್ನೂ ನೀಡಿದರು. ನೆವೆರಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿರುವ ಆಕೆಯ ದೇಹದ ಚಿತ್ರಪಟವನ್ನು ಮಕ್ಕಳಿಗೆ ತೋರಿಸುವಾಗ, ಕಾಣುವ ಮುಖ ಮತ್ತು ಕೈಗಳ ಮೇಲೆ ತೆಳು ಮೇಣದ ಹೊದಿಕೆಯಿದೆಯೆಂಬುದನ್ನೂ ಹೇಳಿಬಿಡಿ. ಬದಲಿಸಿ ಓದಿದ ಮಾತನ್ನು ಪೊಲೀಸರೆದುರು ತಿದ್ದಿದವಳ ವಿಷಯದಲ್ಲಿ ನಾವು ಮಾತು ಬೆಳೆಸಬಾರದು.

ಬರುವ ಫೆಬ್ರವರಿಯ ರೂಪಕಕ್ಕೆ ಎರಡನೆಯ ದೃಶ್ಯವೊಂದನ್ನು ಸೇರಿಸಿದ್ದೇನೆ. ಒಂದು ಕುರ್ಚಿ, ಒಂದು ಔಷಧಿ ಶೀಸೆ, ಕೆಮ್ಮುವ ಒಬ್ಬ ಕನ್ಯಾಸ್ತ್ರೀ, ಹೆಚ್ಚಿನ ಮಾತಿಲ್ಲ. ದೇವಮಾತೆಯ ಪಾತ್ರಕ್ಕೆ ಏಳು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಕುರ್ಚಿಯ ಪಾತ್ರಕ್ಕೆ ಇನ್ನೂ ಯಾರೂ ಬಂದಿಲ್ಲ. ಆಸಕ್ತರು ಭಾನುವಾರ ಎರಡನೆಯ ಪೂಜೆಯ ನಂತರ ಉಪದೇಶಿಗಳನ್ನು ಕಾಣಬಹುದು.