ರನ್ನನಿಗೆ ಕಾಪಿರೈಟ್ ಇರಲಿಲ್ಲ, ಹಾಗಾದರೆ ಪುಸ್ತಕದ ಪಿಡಿಎಫ್ ಕಳಿಸಿದರೆ ತಪ್ಪೇನು?

ಗಲಗಲಿ, ಜಮಖಂಡಿ, ಮುಧೋಳ ಕಡೆಯ ವಾಟ್ಸಾಪ್ ಗ್ರೂಪಿಗೆ ಹೊಸ ಕಾದಂಬರಿಯ ಪಿಡಿಎಫ್ ಬಂತು ಎಂದುಕೊಳ್ಳಿ. ಯಾರಾದರೂ ಆಕ್ಷೇಪಿಸಿದರೆ ಉತ್ತರ ಸಿದ್ಧವಿರುತ್ತದೆ: ನಮ್ಮ ರನ್ನನ ಕಾವ್ಯವನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು, ಆದರೂ ಅವನು ಬದುಕಲಿಲ್ಲವೇ? ಇದು ಅರ್ಧ ನಿಜ. ಉಳಿದರ್ಧಕ್ಕೆ ಅವನ ಬದುಕನ್ನೇ ನೋಡೋಣ.

ರನ್ನ ಹುಟ್ಟಿದ್ದು 949ರಲ್ಲಿ, ಮುಧೋಳದ ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದಿನ ಹಂಬಲದಿಂದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. ಅಲ್ಲಿ ಮಂತ್ರಿ ಚಾವುಂಡರಾಯ ಆಸರೆಯಾದ. ಮುಂದೆ ಚಾಲುಕ್ಯ ದೊರೆ ತೈಲಪ ಮತ್ತು ಅವನ ಮಗ ಸತ್ಯಾಶ್ರಯನ ಆಶ್ರಯ, ಕವಿಚಕ್ರವರ್ತಿ ಬಿರುದು ದೊರೆತವು. 993ರ ಅಜಿತಪುರಾಣವನ್ನು ಬರೆಸಿದವಳು ಅತ್ತಿಮಬ್ಬೆ. ರನ್ನ ತನ್ನ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಅನ್ನ ಕೊಟ್ಟವರನ್ನು ಅವನು ಮರೆಯಲಿಲ್ಲ.

ಇದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಆದರೆ ಪೊನ್ನನಿಗೆ ಆಶ್ರಯ ಕೊಟ್ಟು ಆ ಕಾವ್ಯ ಬರೆಸಿದ್ದವರು ಅವಳ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ಅಂದರೆ ಮೊದಲು ಕವಿಯ ಹೊಟ್ಟೆ ತುಂಬಿತ್ತು, ಆಮೇಲೆ ನಕಲು ಬಂತು.

ಇಂದಿನ ಲೇಖಕರಿಗೆ ತೈಲಪನಿಲ್ಲ. ಮಾರಾಟವಾದ ಪ್ರತಿಯ ಮೇಲೆ ಬರುವ ಗೌರವಧನವೇ ಆದಾಯ. ಫಾರ್ವರ್ಡ್ ಆದ ಪ್ರತಿಗೆ ಅದು ಸೊನ್ನೆ. ಅದಕ್ಕೇ ಇ-ಪುಸ್ತಕಗಳಿಗೆ ಡಿಜಿಟಲ್ ಬೀಗ ಹಾಕುತ್ತಾರೆ: ಕೊಂಡವರ ಖಾತೆಯಲ್ಲಿ ಮಾತ್ರ ಪುಸ್ತಕ ತೆರೆಯುತ್ತದೆ. ಕೃತಿಚೌರ್ಯದ ಉದ್ದೇಶದಿಂದ ಈ ಬೀಗ ಮುರಿದರೆ, 2012ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಬೀಗಕ್ಕೂ ದೋಷವಿದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಹಣ ವಾಪಸ್ ಬಂತು, ಆದರೆ ಕೊಂಡ ಪುಸ್ತಕಗಳು ಮಾಯವಾದವು. ರನ್ನನ ಪರಶುರಾಮಚರಿತವೂ ಇಂದು ನಮಗೆ ಸಿಕ್ಕಿಲ್ಲ. ಪ್ರತಿಗಳು ಉಳಿಯದಿದ್ದರೆ ಕೃತಿಯೂ ಉಳಿಯುವುದಿಲ್ಲ.

ಹಾಗಾದರೆ ಏನನ್ನು ಹಂಚಬಹುದು? ಭಾರತದಲ್ಲಿ ಕಾಪಿರೈಟ್ ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷ. ರನ್ನನ ಮೂಲ ಗದಾಯುದ್ಧವನ್ನು ಧಾರಾಳವಾಗಿ ಹಂಚಿ. ಅದಕ್ಕೆ ಈಗಿನವರು ಬರೆದ ಗದ್ಯಾನುವಾದ, ಟಿಪ್ಪಣಿಗಳನ್ನು ಕೊಂಡು ಓದಿ. ಪಿಡಿಎಫ್ ಬದಲು ಪುಸ್ತಕ ಸಿಗುವ ಅಂಗಡಿಯ ಹೆಸರನ್ನು ಫಾರ್ವರ್ಡ್ ಮಾಡಿ. ಇಂದಿನ ಅತ್ತಿಮಬ್ಬೆಯರು ನಾವೇ.